ಐಸಿಯು ಬಾಗಿಲಲ್ಲಿ ಕೇಳೋ ಮಾತು

ಅಂಗಾಂಗ ದಾನದ ಬಗ್ಗೆ ಏನಾದ್ರೂ ಕೇಳೋದಿದ್ರೆ ಬರೀರಿ ಅಂತ ಹೋದ ಸಂಚಿಕೇಲಿ ಸಂಪಾದಕರು ಮೂಲೇಲಿ ಒಂದು ಸಣ್ಣ ಬಾಕ್ಸ್ ಹಾಕಿದ್ರು ಅಷ್ಟೇ, ಪತ್ರ, ಇಮೇಲು, ವಾಟ್ಸಾಪ್ ಎಲ್ಲ ಸೇರಿ ಒಂದು ಚೀಲ ಆಗಿದೆ. ನಾನು ಡಾಕ್ಟರ್ ಅಲ್ಲ, ಮೊದಲೇ ಹೇಳಿಬಿಡ್ತೀನಿ. ಟ್ರಾನ್ಸ್‌ಪ್ಲಾಂಟ್ ಕೋಆರ್ಡಿನೇಟರ್ ಆಗಿ ವರ್ಷಗಟ್ಲೆ ಕೆಲಸ ಮಾಡಿದವಳು, ಅಂದ್ರೆ ಐಸಿಯು ಪಕ್ಕದ ಸಣ್ಣ ರೂಮಲ್ಲಿ ಮನೆಯವರನ್ನ ಕೂರಿಸ್ಕೊಂಡು, ಕೇಳಬಾರದ ಹೊತ್ತಲ್ಲಿ ಕೇಳಬಾರದ್ದನ್ನ ಕೇಳೋ ಕೆಲಸ. ಬ್ಲಡ್ ರಿಪೋರ್ಟ್ ಫೋಟೋ ಕಳಿಸಿ ಮಾತ್ರೆ ಡೋಸ್ ಕೇಳಿದವರು ದಯವಿಟ್ಟು ನಿಮ್ಮ ಡಾಕ್ಟರ್ ಹತ್ರ ಹೋಗಿ. ಹೆಸರು ಯಾರದ್ದೂ ಹಾಕಿಲ್ಲ, ಊರು ಮಾತ್ರ.

ಪ್ರಶ್ನೆ: ನನಗೆ 34 ವರ್ಷ. ನಮ್ಮೆಜಮಾನ್ರಿಗೆ ಎರಡೂ ಕಿಡ್ನಿ ಹೋಗಿ ಒಂದೂವರೆ ವರ್ಷದಿಂದ ಡಯಾಲಿಸಿಸ್. ಅತ್ತೆಗೆ ಶುಗರ್, ಮೈದುನನ್ನ ಅವನ ಹೆಂಡತಿ ಬಿಡಲ್ಲ, ಅದಕ್ಕೆ ಎಲ್ರೂ ನನ್ನ ಮುಖಾನೇ ನೋಡ್ತಾರೆ. ಕೊಡ್ಬೇಕು ಅಂತ ಮನಸ್ಸಿದೆ, ಆದ್ರೆ ಭಯ ಆಗುತ್ತೆ, ಮಕ್ಕಳು ಚಿಕ್ಕವು. ಆಗಲ್ಲ ಅಂದ್ರೆ ಈ ಮನೇಲಿ ಬಾಳೋಕಾಗುತ್ತಾ? - ಹಾಸನ

ತಂಗಿ, ಭಯ ಆಗೋದು ತಪ್ಪಲ್ಲ. ಹೊಟ್ಟೆ ಕೊಯ್ಸಿಕೊಂಡು ಒಂದು ಅಂಗ ಕೊಡೋದು ಅಂದ್ರೆ ಪಕ್ಕದ ಮನೆಗೆ ಒಂದು ಪಾವು ಸಕ್ಕರೆ ಕೊಟ್ಟಂಗಾ? ನಿಮ್ಮ ಪತ್ರ ನೋಡಿ ನನಗೇನೂ ಆಶ್ಚರ್ಯ ಆಗ್ಲಿಲ್ಲ. 2023ರಲ್ಲಿ ನಮ್ಮ ದೇಶದಲ್ಲಿ ಬದುಕಿರೋವಾಗ್ಲೇ ಕಿಡ್ನಿ, ಲಿವರ್ ಕೊಟ್ಟವರು 15,436 ಜನ, ಅದರಲ್ಲಿ 9,784 ಜನ ಹೆಂಗಸರು. ಅದೇ ವರ್ಷ ಸತ್ತ ಮೇಲೆ ಅಂಗ ಕೊಟ್ಟವರು ಇಡೀ ದೇಶದಲ್ಲಿ 1,099 ಜನ ಮಾತ್ರ, ಅದರಲ್ಲಿ 844 ಜನ ಗಂಡಸರು, ಬೈಕಿಂದ ಬಿದ್ದು ತಲೆಗೆ ಪೆಟ್ಟು ಮಾಡ್ಕೊಂಡು ಬರೋರಲ್ಲಿ ಅವರೇ ಜಾಸ್ತಿ ಅಲ್ವಾ. ಎರಡೂ ಲೆಕ್ಕ ಒಟ್ಟಿಗೆ ಇಟ್ಕೊಂಡು ನೋಡಿ. ಸತ್ತವರಿಂದ ಸಿಗಬೇಕಾಗಿದ್ದು ಸಿಗ್ತಿಲ್ಲ, ಅದಕ್ಕೇ ಆ ಕೊರತೆ ನೆಟ್ಟಗೆ ನಿಮ್ಮ ಅಡುಗೆಮನೆಗೆ ಬಂದು ನಿಂತಿದೆ. ನಿಮ್ಮತ್ತೆನ ಬೈಯೋಕೆ ಹೋಗಲ್ಲ ನಾನು, ಮಗ ವಾರಕ್ಕೆ ಮೂರು ಸಲ ನಾಲ್ಕು ನಾಲ್ಕು ಗಂಟೆ ಮಷೀನಿಗೆ ಕೈ ಕೊಟ್ಟು ಕೂರೋದನ್ನ, ನೀರು ಅಳತೆ ಮಾಡಿ ಕುಡಿಯೋದನ್ನ, ಒಂದು ಎಳನೀರಿಗೂ ಹೆದರೋದನ್ನ ನೋಡ್ತಾ ಇರೋ ತಾಯಿ ಅವರು.

ಆದ್ರೆ ಒಂದು ವಿಷ್ಯ ನಿಮಗೆ ಯಾರೂ ಹೇಳಿರಲ್ಲ. ಕೊಡೋರು ಹೆಂಗಸಾದ್ರೆ ಇನ್ನೂ ಜಾಸ್ತಿ ಎಚ್ಚರಿಕೆ ತಗೋಬೇಕು, ಅವಳು ಸ್ವಂತ ಮನಸ್ಸಿಂದ ಒಪ್ಪಿದ್ದಾಳಾ ಅನ್ನೋದನ್ನ ಕಿಡ್ನಿ ಪಡೆಯೋರನ್ನ ಬಿಟ್ಟು ಬೇರೆಯವರಿಂದ ಖಾತ್ರಿ ಮಾಡ್ಕೋಬೇಕು ಅಂತ ಅಂಗಾಂಗ ಕಸಿಯ 2014ರ ನಿಯಮದಲ್ಲೇ ಬರೆದಿದೆ. ಹಾಗಾಗಿ ಆಸ್ಪತ್ರೆಗೆ ಹೋದಾಗ "ನಾನು ಒಬ್ಬಳೇ ಮಾತಾಡ್ಬೇಕು" ಅಂತ ಬಾಯಿಬಿಟ್ಟು ಕೇಳಿ. ಒಬ್ಬರೇ ಇರೋವಾಗ ನನಗೆ ಇಷ್ಟ ಇಲ್ಲ ಅಂದ್ರೆ ಡಾಕ್ಟರು ಹೊರಗೆ ಬಂದು "ಇವರದ್ದು ಹೊಂದಲ್ಲ" ಅಂತ ಅಷ್ಟೇ ಹೇಳ್ತಾರೆ, ಬಾಕಿ ವಿಷ್ಯ ಆ ರೂಮಲ್ಲೇ ಉಳಿಯುತ್ತೆ. ನಾನು ಎಷ್ಟೋ ಸಲ ಆ ರೂಮಲ್ಲಿ ಕೂತಿದ್ದೀನಿ, ಸೆರಗಲ್ಲಿ ಮುಖ ಒರೆಸ್ಕೊಂಡು ಹೊರಗೆ ಹೋದವರನ್ನೂ ನೋಡಿದ್ದೀನಿ, ಎಲ್ಲ ಟೆಸ್ಟು ಮುಗಿಸಿ ನಗ್ತಾ ಆಪರೇಷನ್ ಥಿಯೇಟರಿಗೆ ಹೋದವರನ್ನೂ ನೋಡಿದ್ದೀನಿ.

ಇನ್ನು ಭಯದ ಮಾತು. ಬ್ಲಡ್ ಗ್ರೂಪು, ಕ್ರಾಸ್‌ಮ್ಯಾಚ್ (ಇಬ್ಬರ ರಕ್ತ ಒಂದಕ್ಕೊಂದು ಒಗ್ಗುತ್ತಾ ಅನ್ನೋ ಟೆಸ್ಟು), ಸ್ಕ್ಯಾನು ಅಂತ ನಿಮ್ಮನ್ನ ಜಾಲಾಡಿಬಿಡ್ತಾರೆ, ಸಣ್ಣ ತೊಂದರೆ ಕಂಡ್ರೂ ಬೇಡ ಅಂತಾರೆ. ಎಲ್ಲ ಸರಿ ಇದ್ರೆ ಈಗೀಗ ಲ್ಯಾಪ್ರೋಸ್ಕೋಪಿಲೇ ತೆಗೀತಾರೆ, ಕೆಲವು ದಿನದಲ್ಲಿ ಮನೆಗೆ ಬರ್ತೀರ, ಉಳಿದ ಕಿಡ್ನಿ ನಿಧಾನಕ್ಕೆ ಇನ್ನೊಂದರ ಕೆಲಸಾನೂ ಬಹುಪಾಲು ಎಳ್ಕೊಳ್ಳುತ್ತೆ. ಆದ್ರೆ ಏನೂ ಆಗೋದೇ ಇಲ್ಲ ಅಂತ ಹೇಳೋರ ಮಾತು ನಂಬಬೇಡಿ, ಜೀವನ ಪೂರ್ತಿ ವರ್ಷಕ್ಕೊಂದು ಸಲ ಬಿಪಿ, ಯೂರಿನ್, ಕ್ರಿಯಾಟಿನಿನ್ (ಕಿಡ್ನಿ ಹೆಂಗಿದೆ ಅಂತ ಹೇಳೋ ರಕ್ತದ ಟೆಸ್ಟು) ನೋಡಿಸ್ಕೊಬೇಕು. ಗಂಡನ್ನ ಪ್ರತಿ ತಿಂಗಳೂ ಆಸ್ಪತ್ರೆಗೆ ಕರ್ಕೊಂಡು ಹೋಗ್ತಾರೆ, ಕೊಟ್ಟವಳ ಚೆಕಪ್ ಮನೆಯವರಿಗೆಲ್ಲ ಮರೆತೇ ಹೋಗುತ್ತೆ, ಇದು ನಾನು ಕಣ್ಣಾರೆ ಕಂಡಿದ್ದು. ಗ್ರೂಪ್ ಹೊಂದದಿದ್ರೆ ನಿಮ್ಮಂಥದ್ದೇ ಇನ್ನೊಂದು ಜೋಡಿ ಜೊತೆ ಅದಲುಬದಲು ಮಾಡ್ಕೊಳ್ಳೋಕೆ 2011ರ ತಿದ್ದುಪಡಿ ಆದ ಮೇಲೆ ಕಾನೂನು ಒಪ್ಪುತ್ತೆ. ನೀವು ಏನೇ ತೀರ್ಮಾನ ಮಾಡಿ, ಯಜಮಾನ್ರ ಹೆಸರನ್ನ ಮಾತ್ರ ಆಸ್ಪತ್ರೆ ಮೂಲಕ ಸತ್ತವರ ಅಂಗ ಹಂಚೋ ರಾಜ್ಯದ ಸಮಿತಿ ಜೀವಸಾರ್ಥಕತೆಯ ವೇಟಿಂಗ್ ಲಿಸ್ಟಿಗೆ ಈ ವಾರಾನೇ ಸೇರಿಸಿ. ಮನೇಲೇ ಕೊಡೋರು ಸಿಗ್ತಾರೆ ಅಂತ ಕಾದು ಕಾದು ಆ ಸಾಲಲ್ಲೂ ಹಿಂದೆ ಬೀಳೋರು ಬಹಳ.

ಪ್ರಶ್ನೆ: ಅಪ್ಪು ಹೋದ ಮೇಲೆ ನಮ್ಮ ಸಂಘದ 60 ಜನ ನೇತ್ರದಾನಕ್ಕೆ ಹೆಸರು ಕೊಟ್ವಿ. ಅವರು ಕಣ್ಣು ಮಾತ್ರ ಯಾಕೆ ಕೊಟ್ಟಿದ್ದು, ಹಾರ್ಟು ಕಿಡ್ನಿ ಯಾಕೆ ಕೊಡ್ಲಿಲ್ಲ ಅಂತ ಒಬ್ಬ ಕೇಳ್ದ, ಉತ್ತರ ಗೊತ್ತಾಗ್ಲಿಲ್ಲ. - ದಾವಣಗೆರೆ

ನಿಮ್ಮ ಸಂಘದಲ್ಲಿ ಅವನೊಬ್ಬ ಸರಿಯಾಗಿ ಯೋಚನೆ ಮಾಡೋನು ಅನ್ಸುತ್ತೆ. 2021ನೇ ಇಸವೀಲಿ ನಡೆದ ಎರಡು ಸಾವು ನೆನಪು ಮಾಡ್ಕೊಳ್ಳಿ. ಜೂನಲ್ಲಿ ಸಂಚಾರಿ ವಿಜಯ್ ಬೈಕ್ ಅಪಘಾತದಲ್ಲಿ ತಲೆಗೆ ಪೆಟ್ಟಾಗಿ ಬ್ರೈನ್ ಡೆಡ್ ಆದ್ರು, ವೆಂಟಿಲೇಟರ್ ಮೇಲಿದ್ರು, ರಕ್ತ ಓಡ್ತಾ ಇತ್ತು, ಅದಕ್ಕೇ ಮನೆಯವರು ಒಪ್ಪಿದಾಗ ಅಂಗಾಂಗ ತಗೊಳ್ಳೋಕಾಯ್ತು. ಅಕ್ಟೋಬರ್ 29ಕ್ಕೆ ಪುನೀತ್ ಹೃದಯ ನಿಂತು ಹೋದ್ರು. ಹೃದಯ ನಿಂತ ಮೇಲೆ ರಕ್ತ ಹೋಗದೆ ಕಿಡ್ನಿ, ಲಿವರ್ ಎಲ್ಲ ಬೇಗ ಕೆಡುತ್ತೆ. ಕಾರ್ನಿಯಾ, ಅಂದ್ರೆ ಕರಿಗುಡ್ಡೆ ಮೇಲಿರೋ ಆ ಗಾಜಿನಂಥ ಪದರ, ಅದರಲ್ಲಿ ರಕ್ತನಾಳಾನೇ ಇಲ್ಲ, ಅದಕ್ಕೆ ಸುಮಾರು 6 ಗಂಟೆ ತಡೆಯುತ್ತೆ. ಅವರ ಎರಡು ಕಾರ್ನಿಯಾನ ಮುಂದಿನ ಪದರ ಹಿಂದಿನ ಪದರ ಅಂತ ಬೇರೆ ಮಾಡಿ ನಾಲ್ಕು ಜನಕ್ಕೆ ಹಾಕಿದ್ರು ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ. ಮನೇಲಿ ಸತ್ತವರು, ಹಾರ್ಟ್ ಅಟ್ಯಾಕ್ ಆದವರು, ವಯಸ್ಸಾದವರು, ಹೆಚ್ಚುಕಮ್ಮಿ ಯಾರು ಬೇಕಾದ್ರೂ ಕಣ್ಣು ಕೊಡಬಹುದು. ಅಂಗ ಕೊಡೋಕೆ ಸಾಮಾನ್ಯವಾಗಿ ಐಸಿಯುನಲ್ಲೇ, ವೆಂಟಿಲೇಟರ್ ಮೇಲೇ, ಮೆದುಳು ಸತ್ತು ಹೋಗಿರಬೇಕು. ಸಾಯೋ ನೂರು ಜನರಲ್ಲಿ ಹಂಗೆ ಸಾಯೋರು ತೀರಾ ಕಮ್ಮಿ, ಕೊರತೆ ಶುರುವಾಗೋದೇ ಅಲ್ಲಿಂದ.

60 ಹೆಸರು ಕೊಟ್ಟಿದ್ದು ಸಂತೋಷ. ಆದ್ರೆ ಆ ಹೊತ್ತಿಗೆ ಫೋನ್ ಮಾಡೋರು ನೀವಲ್ಲ, ನಿಮ್ಮ ಮನೆಯವರು. ಅವರಿಗೆ ಇಷ್ಟು ಹೇಳಿಕೊಡಿ: ತಕ್ಷಣ ಹತ್ತಿರದ ಐ ಬ್ಯಾಂಕಿಗೆ ಫೋನು, ಫ್ಯಾನ್ ಆಫ್, ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ, ತಲೆ ಕೆಳಗೆ ಒಂದು ದಿಂಬು. ತಂಡದವರೇ ಮನೆಗೆ ಬರ್ತಾರೆ, ದುಡ್ಡು ಕೇಳಲ್ಲ, ಮುಖ ವಿಕಾರ ಆಗಲ್ಲ. ನೆಂಟರು ಬರ್ಲಿ, ಮಗ ದುಬೈಯಿಂದ ಬರ್ಲಿ ಅಂತ ಕೂತ್ರೆ 6 ಗಂಟೆ ಯಾವಾಗ ಕಳೀತು ಅಂತಾನೇ ಗೊತ್ತಾಗಲ್ಲ.

ಪ್ರಶ್ನೆ: ನಾಲ್ಕು ವರ್ಷದ ಹಿಂದೆ ನನ್ನ ತಮ್ಮ ಬೈಕಿಂದ ಬಿದ್ದ. ಮೂರನೇ ದಿನ ಡಾಕ್ಟರು ಬ್ರೈನ್ ಡೆಡ್ ಅಂದ್ರು, ಅದೇ ಉಸಿರಲ್ಲಿ ಅಂಗದಾನ ಮಾಡ್ತೀರಾ ಅಂದ್ರು. ಎದೆ ಏರಿಳಿತಾ ಇತ್ತು, ಕೈ ಬೆಚ್ಚಗಿತ್ತು. ಅಪ್ಪ ಆ ಡಾಕ್ಟರ ಮೇಲೆ ಕೈ ಎತ್ತಿಬಿಟ್ರು. ಈಗ ಟೀವೀಲಿ ಗ್ರೀನ್ ಕಾರಿಡಾರ್ (ಅಂಗ ಸಾಗಿಸೋಕೆ ರಸ್ತೆ ಖಾಲಿ ಮಾಡಿಸೋದು) ಸುದ್ದಿ ಬಂದ್ರೆ ಚಾನೆಲ್ ಬದಲಾಯಿಸ್ತೀನಿ. ಅವನು ನಿಜವಾಗ್ಲೂ ಹೋಗಿದ್ನಾ? ನಾವು ತಪ್ಪು ಮಾಡಿದ್ವಾ? - ಮಂಡ್ಯ

ಎರಡು ಪ್ರಶ್ನೆ ಕೇಳಿದ್ದೀರ, ಬೇರೆ ಬೇರೆಯಾಗಿ ಹೇಳ್ತೀನಿ.

ಮೆದುಳಿನ ಬುಡದಲ್ಲಿ ಬ್ರೈನ್ ಸ್ಟೆಮ್ ಅಂತ ಇದೆ, ಉಸಿರಾಡು ಅಂತ ಹೇಳೋದು ಅದು. ತಲೆಗೆ ಪೆಟ್ಟು ಬಿದ್ದು ಒಳಗೆ ಬಾವು ಬಂದಾಗ ಬುರುಡೆ ಒಳಗೆ ಜಾಗ ಇರಲ್ಲ, ಒತ್ತಡ ಜಾಸ್ತಿಯಾಗಿ ಮೆದುಳಿಗೆ ರಕ್ತ ಹೋಗೋದೇ ನಿಂತು ಆ ಭಾಗ ಸಾಯುತ್ತೆ. ಆಮೇಲೆ ಎದೆ ಏರಿಳಿಯೋದು ವೆಂಟಿಲೇಟರ್ ಗಾಳಿ ತುಂಬೋದಕ್ಕೆ. ಹೃದಯಕ್ಕೆ ಬಡಿಯೋಕೆ ಮೆದುಳಿನ ಅಪ್ಪಣೆ ಬೇಡ, ಅದರದ್ದೇ ಕರೆಂಟು ಅದಕ್ಕಿದೆ, ಆಮ್ಲಜನಕ ಸಿಗೋ ತನಕ ಒಂದಷ್ಟು ಹೊತ್ತು ಅಥವಾ ದಿನ ಬಡೀತಾ ಇರುತ್ತೆ. ಕೈ ಬೆಚ್ಚಗಿರೋದೂ ಅದಕ್ಕೇ. ಕೋಮಾ ಬೇರೆ, ಕೋಮಾದಲ್ಲಿ ಮೆದುಳು ಬದುಕಿರುತ್ತೆ, ಎದ್ದು ಬಂದವರಿದ್ದಾರೆ. ಇದರಿಂದ ಯಾರೂ ಎದ್ದು ಬಂದಿಲ್ಲ.

ಅದನ್ನ ಒಬ್ಬ ಡಾಕ್ಟರು ಕಣ್ಣಳತೇಲಿ ಹೇಳಂಗೂ ಇಲ್ಲ. ಅಂಗಾಂಗ ಕಸಿಯ 1994ರ ಕಾನೂನಿನ ಪ್ರಕಾರ ನಾಲ್ಕು ಜನ ಡಾಕ್ಟರು ಸೇರಬೇಕು, ಅವರಲ್ಲಿ ಯಾರೂ ಟ್ರಾನ್ಸ್‌ಪ್ಲಾಂಟ್ ತಂಡದವರಾಗಿರಬಾರದು. ಕಣ್ಣಿಗೆ ಬೆಳಕು ಬಿಡ್ತಾರೆ, ಕಣ್ಣುಗುಡ್ಡೆಗೆ ಹತ್ತಿ ಎಳೆ ಮುಟ್ಟಿಸ್ತಾರೆ, ಕಿವಿಗೆ ತಣ್ಣೀರು ಹಾಕ್ತಾರೆ, ಗಂಟಲಿಗೆ ಟ್ಯೂಬ್ ತಾಗಿಸಿ ಕೆಮ್ಮು ಬರುತ್ತಾ ನೋಡ್ತಾರೆ. ಕೊನೆಗೆ ಮಷೀನು ಬಿಡಿಸಿ ಬರೀ ಆಮ್ಲಜನಕ ಕೊಟ್ಟು, ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿದ ಮೇಲಾದ್ರೂ ಒಂದೇ ಒಂದು ಉಸಿರು ತಾನಾಗಿ ಎಳ್ಕೋತಾರಾ ಅಂತ ಕಾಯ್ತಾರೆ. ಇಷ್ಟನ್ನೂ ಕಮ್ಮಿ ಅಂದ್ರೆ 6 ಗಂಟೆ ಬಿಟ್ಟು ಇನ್ನೊಂದು ಸಲ ಮಾಡ್ತಾರೆ. ನಿಮ್ಮ ತಮ್ಮನಿಗೆ ಎರಡೂ ಸಲ ಮಾಡಿದ್ರೆ ಅವತ್ತಿನ ಕೇಸ್ ಶೀಟಲ್ಲಿ ಇರುತ್ತೆ, ಮನಸ್ಸು ಒಪ್ಪದಿದ್ರೆ ಆಸ್ಪತ್ರೆಯಿಂದ ಪ್ರತಿ ತರಿಸಿ ನೋಡಿ.

ಇನ್ನು ತಪ್ಪು. ಬೇಜಾರು ಮಾಡ್ಕೋಬೇಡಿ, ಅದು ನಮ್ಮ ಕಡೆಯವರದ್ದು. ಕೇಳಲೇಬೇಕು ಅಂತ ಕಾನೂನಿದೆ ನಿಜ, ಆದ್ರೆ ಹೋದ ಅನ್ನೋ ಸುದ್ದಿ ಬೇರೆ, ಕೊಡ್ತೀರಾ ಅನ್ನೋ ಮಾತು ಬೇರೆ, ಮಧ್ಯ ಮನೆಯವರಿಗೆ ಅಳೋಕೆ ಹೊತ್ತು ಬೇಕು. ನಾನೂ ಈ ತಪ್ಪು ಮಾಡಿದ್ದೀನಿ. ಕೆಲಸಕ್ಕೆ ಸೇರಿದ ಹೊಸದ್ರಲ್ಲಿ, ಎರಡನೇ ಟೆಸ್ಟು ಮುಗಿದು ಹತ್ತು ನಿಮಿಷ ಆಗಿರ್ಲಿಲ್ಲ, ಫಾರ್ಮ್ ಹಿಡ್ಕೊಂಡು ಹೋಗಿದ್ದೆ. ಆ ತಾಯಿ ನನ್ನ ಕೈ ಹಿಡಿದು ಮಗನ ಪಾದದ ಮೇಲೆ ಇಟ್ಟು "ನೋಡಮ್ಮ, ಬಿಸಿ ಇದೆ" ಅಂದ್ರು. ಆವತ್ತಿಂದ ಫಾರ್ಮ್ ಬ್ಯಾಗಲ್ಲೇ ಇಟ್ಕೊಂಡು ಮೊದ್ಲು ಕಾಫಿ ತರಿಸ್ತಿದ್ದೆ. ನಿಮ್ಮಪ್ಪ ಕೈ ಎತ್ತಿದ್ದು ಅಂಗದಾನದ ಮೇಲೆ ಅಲ್ಲ, ಮಗ ಸತ್ತ ಅನ್ನೋದರ ಮೇಲೆ. ಅವರ ಹತ್ರ ನೀವು ಇದನ್ನ ಮಾತಾಡಿದ್ದೀರಾ? ಇಲ್ಲ ಅನ್ಸುತ್ತೆ. ಈ ಪುಟ ಅವರಿಗೂ ಓದೋಕೆ ಕೊಡಿ.

ಪ್ರಶ್ನೆ: ರೊಕ್ಕ ಇದ್ದವ್ರಿಗೆ, ಮಿನಿಸ್ಟ್ರ ಕಡೀಂದ ಫೋನ್ ಮಾಡಿಸಿದವ್ರಿಗೆ ಮೊದ್ಲ ಕಿಡ್ನಿ ಸಿಗ್ತೈತಿ ಅಂತಾರ ಎಲ್ಲಾರೂ. ಖರೇ ಏನ್ರಿ? - ಧಾರವಾಡ

ಫೋನಿಂದ ಸಿಗಲ್ರೀ, ರೊಕ್ಕದ ಮಾತು ಮಾತ್ರ ಅರ್ಧ ಖರೇ. ಹೇಳ್ತೀನಿ ಕೇಳಿ.

ಕರ್ನಾಟಕದಲ್ಲಿ ಸತ್ತವರ ಅಂಗ ಯಾರಿಗೆ ಅಂತ ನೋಡೋಕೆ 2007ರಿಂದ ಒಂದು ಸಮಿತಿ ಇದೆ, ಈಗ ಅದನ್ನೇ ಜೀವಸಾರ್ಥಕತೆ ಅಂತೀವಿ. ರಕ್ತದ ಗುಂಪು, ಎಷ್ಟು ದಿನದಿಂದ ಕಾಯ್ತಿದ್ದಾರೆ, ಎಷ್ಟು ತುರ್ತು, ಯಾವ ಆಸ್ಪತ್ರೇಲಿ ನೋಂದಣಿ, ಇದನ್ನೆಲ್ಲ ನೋಡಿ ಲಿಸ್ಟ್ ಪ್ರಕಾರ ಹೋಗುತ್ತೆ. ಆಮೇಲೆ ಗಡಿಯಾರ ಇದೆಯಲ್ಲ. ಹೃದಯ ತೆಗೆದ ಮೇಲೆ ನಾಲ್ಕೈದು ಗಂಟೆ ಒಳಗೆ ಇನ್ನೊಬ್ಬರ ಎದೇಲಿ ಬಡೀಬೇಕು, ಲಿವರ್ ಅರ್ಧ ದಿನ, ಕಿಡ್ನಿ ಒಂದು ದಿನ ತಡೀಬಹುದು. ಅದಕ್ಕೇ ದೂರಾನೂ ಲೆಕ್ಕಕ್ಕೆ ಬರುತ್ತೆ. ಬೆಂಗಳೂರಲ್ಲಿ 2025ರ ಆಗಸ್ಟ್ 1ಕ್ಕೆ ವೈಟ್‌ಫೀಲ್ಡಿಂದ ರಾಜರಾಜೇಶ್ವರಿ ನಗರಕ್ಕೆ ಒಂದು ಲಿವರನ್ನ ಮೆಟ್ರೋದಲ್ಲೇ ತಗೊಂಡು ಹೋದ್ರು, ಆ ಟ್ರಾಫಿಕ್ಕಲ್ಲಿ ಆಂಬುಲೆನ್ಸ್ ನಂಬೋದು ಕಷ್ಟ ಅಂತ ಬೆಂಗಳೂರು ಕಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈಗ ರೊಕ್ಕ. ದಾನಕ್ಕೆ ಬೆಲೆ ಇಲ್ಲ, ಒಪ್ಪಿಗೆ ಕೊಟ್ಟ ಮೇಲೆ ದೇಹ ಕಾಪಾಡೋ ಖರ್ಚು, ಅಂಗ ತೆಗೆಯೋ ಖರ್ಚು ದಾನಿಯ ಮನೆಯವರ ಮೇಲೆ ಹಾಕಂಗಿಲ್ಲ. ಆದ್ರೆ ಹಾಕಿಸ್ಕೊಳ್ಳೋ ಆಪರೇಷನ್ನಿಗೆ ಲಕ್ಷಗಟ್ಲೆ ಆಗುತ್ತೆ, ಟ್ರಾನ್ಸ್‌ಪ್ಲಾಂಟ್ ಮಾಡೋ ಆಸ್ಪತ್ರೆಗಳಲ್ಲಿ ಪ್ರೈವೇಟೇ ಜಾಸ್ತಿ. ಆಮೇಲೆ ದೇಹ ಹೊಸ ಅಂಗಾನ ಬೇಡ ಅನ್ನದಂಗೆ ಜೀವ ಇರೋ ತನಕ ಟ್ಯಾಕ್ರೊಲಿಮಸ್ ಥರದ ಮಾತ್ರೆ ನುಂಗಬೇಕು, ಒಂದು ದಿನ ತಪ್ಪಿಸಂಗಿಲ್ಲ. (ಹಾಗೇ ಚಕ್ಕೋತ ಹಣ್ಣೂ ತಿನ್ನಂಗಿಲ್ಲ, ಆ ಮಾತ್ರೆ ರಕ್ತದಲ್ಲಿ ಜಾಸ್ತಿಯಾಗಿಬಿಡುತ್ತೆ. ದೇವನಹಳ್ಳಿ ಕಡೆಯ ಪೇಷಂಟ್ ಒಬ್ಬರು ಇದನ್ನ ಕೇಳಿ ಆಪರೇಷನ್ನಿಗಿಂತ ಜಾಸ್ತಿ ಬೇಜಾರು ಮಾಡ್ಕೊಂಡಿದ್ರು.) ಹಿಂಗಾಗಿ ದುಡ್ಡಿಲ್ಲದವರು ಲಿಸ್ಟ್ ತನಕಾನೇ ಬರಲ್ಲ, ಅನ್ಯಾಯ ಇರೋದು ಅಲ್ಲಿ. ಬಿಪಿಎಲ್ ಕಾರ್ಡ್ ಇದ್ರೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ಹೃದಯ, ಲಿವರ್, ಕಿಡ್ನಿ ಕಸಿಗೆ ಸರ್ಕಾರದ ಯೋಜನೆ ಇದೆ, ಆಸ್ಪತ್ರೇಲಿ ಯೋಜನೆ ಬಗ್ಗೆ ನೆರವಾಗೋಕೆ ಇರೋ ಆರೋಗ್ಯಮಿತ್ರನನ್ನ ಬಿಡದೆ ಕೇಳಿ. ಇನ್ನೊಂದು, 2023ರಿಂದ ಲಿಸ್ಟಿಗೆ ಹೆಸರು ಸೇರಿಸೋಕೆ ಇದೇ ರಾಜ್ಯದವರಾಗಿರಬೇಕು, 65 ದಾಟಿರಬಾರದು ಅನ್ನೋ ಅಡ್ಡಿಗಳನ್ನ ಕೇಂದ್ರ ತೆಗೆದಿದೆ.

ಪ್ರಶ್ನೆ: ಸಾಲ ತುಂಬಾ ಆಗಿದೆ ಮೇಡಂ. ಕಿಡ್ನಿಗೆ ಲಕ್ಷಾಂತರ ರೂಪಾಯಿ ಕೊಡ್ತೀವಿ ಅಂತ ಆನ್‌ಲೈನಲ್ಲಿ ಒಬ್ರು ಮೆಸೇಜ್ ಮಾಡಿದ್ದಾರೆ, ಮೊದಲು ರಿಜಿಸ್ಟ್ರೇಷನ್ ಫೀ ಕಟ್ಟಬೇಕಂತೆ. - ಬೆಂಗಳೂರು

ಕಟ್ಟಬೇಡ ತಮ್ಮ. ಆ ಫೀ ಹೋಗುತ್ತೆ, ಆಮೇಲೆ ಟ್ಯಾಕ್ಸು, ಎನ್ಒಸಿ ಅಂತ ಇನ್ನಷ್ಟು ಹೋಗುತ್ತೆ, ಆಸ್ಪತ್ರೆ ಹೆಸರು ಹಾಕ್ಕೊಂಡು ದುಡ್ಡು ಹೊಡೆಯೋ ಹಳೇ ಮೋಸ ಇದು. ಅವರು ನಿಜವಾದ ದಲ್ಲಾಳಿಗಳೇ ಆಗಿದ್ರೆ ಇನ್ನೂ ಕಷ್ಟ, ಅಂಗ ಮಾರೋದು ಕೊಳ್ಳೋದು ಎರಡಕ್ಕೂ 5ರಿಂದ 10 ವರ್ಷ ಜೈಲು, 20 ಲಕ್ಷದಿಂದ ಒಂದು ಕೋಟಿ ದಂಡ. 90ರ ದಶಕದಲ್ಲಿ ನಮ್ಮ ಬೆಂಗಳೂರಲ್ಲೇ ಈ ದಂಧೆ ಸಿಕ್ಕಿಬಿದ್ದಿತ್ತು, ಕಿಡ್ನಿ ಮಾರಿದವರ ಸಾಲ ತೀರಿತ್ತು ಅಂತ ಮಾತ್ರ ನಾನು ಕೇಳಿಲ್ಲ. ಸೈಬರ್ ಕ್ರೈಮ್ 1930ಕ್ಕೆ ಫೋನ್ ಮಾಡು, ಮನೇಲಿ ಯಾರಿಗಾದ್ರೂ ಸಾಲದ ವಿಷ್ಯ ಹೇಳು.

ಪ್ರಶ್ನೆ: ನನಗೆ 78. ಶುಗರಿದೆ, ಎರಡೂ ಕಣ್ಣಿಗೆ ಪೊರೆ ಆಪರೇಷನ್ ಆಗಿದೆ. ಕಣ್ಣು ಕೊಡಬೇಕು ಅಂತ ಆಸೆ. ನಮ್ಮವಳು ಮುಂದಿನ ಜನ್ಮದಲ್ಲಿ ಕುರುಡಾಗಿ ಹುಟ್ತೀರಿ ಅಂತ ಹೆದರಿಸ್ತಾಳೆ. - ಶಿರಸಿ

ಯಜಮಾನ್ರೇ, ಪೊರೆ ಆಪರೇಷನ್ ಆಗೋದು ಒಳಗಿನ ಲೆನ್ಸಿಗೆ, ಕೊಡೋದು ಹೊರಗಿನ ಕಾರ್ನಿಯಾ. ಶುಗರೂ ಅಡ್ಡಿ ಇಲ್ಲ, ಚೆನ್ನಾಗಿದೆಯೋ ಇಲ್ವೋ ಅಂತ ಐ ಬ್ಯಾಂಕಿನವರೇ ನೋಡ್ಕೋತಾರೆ. ಅಮ್ಮನೋರಿಗೆ ಹೀಗೆ ಕೇಳಿ ನೋಡಿ: ಶಿವನಿಗೆ ಕಣ್ಣು ಕಿತ್ತುಕೊಟ್ಟ ಬೇಡರ ಕಣ್ಣಪ್ಪ ಮುಂದಿನ ಜನ್ಮಕ್ಕೆ ಕುರುಡಾದ್ನಾ, ಕೈಲಾಸಕ್ಕೆ ಹೋದ್ನಾ? ಆ ಕಣ್ಣಪ್ಪನ ಪಾತ್ರದಿಂದಲೇ ಹೀರೋ ಆದ ಅಣ್ಣಾವ್ರು 2006ರಲ್ಲಿ ಹೋದಾಗ ಕಣ್ಣು ಕೊಟ್ಟೇ ಹೋದ್ರು. ಬೆನ್ನೆಲುಬನ್ನೇ ಕೊಟ್ಟ ದಧೀಚಿ ಕಥೆ ಬೇಕಾದ್ರೆ ಅಮ್ಮನೋರೇ ನಿಮಗೆ ಹೇಳ್ತಾರೆ.

ಪ್ರಶ್ನೆ: ದೇಹದಾನಕ್ಕೆ ಬರೆದುಕೊಟ್ಟಿದ್ದೀನಿ, ಅದರಲ್ಲೇ ಅಂಗದಾನಾನೂ ಬರುತ್ತಲ್ವಾ? - ಉಡುಪಿ

ಬರಲ್ಲ. ದೇಹದಾನ ಅಂದ್ರೆ ಮೆಡಿಕಲ್ ಕಾಲೇಜಿಗೆ, ಮಕ್ಕಳು ಓದೋಕೆ. ಕಿಡ್ನಿ ಲಿವರ್ ತೆಗೆದ ದೇಹಾನ ಅಲ್ಲಿ ಸಾಮಾನ್ಯವಾಗಿ ತಗೊಳ್ಳಲ್ಲ, ಕಣ್ಣು ಕೊಟ್ಟಿದ್ರೆ ತಗೋತಾರೆ. ಮೊದಲು ಅಂಗದಾನಕ್ಕೆ ಆಗುತ್ತಾ ನೋಡಿ, ಇಲ್ಲಾಂದ್ರೆ ಕಣ್ಣು ಮತ್ತು ದೇಹ ಅಂತ ಮನೇಲಿ ಹೇಳಿಡಿ.

ಪ್ರಶ್ನೆ: ಸ್ಪೇನಲ್ಲಿ ಬೇಡ ಅಂತ ಬರೆದುಕೊಡದಿದ್ರೆ ಎಲ್ರೂ ದಾನಿಗಳೇ ಅಂತೆ, ಅದಕ್ಕೇ ಅವರು ಮುಂದೆ ಅಂತೆ. ನಮ್ಮಲ್ಲೂ ಅಂಥ ಕಾನೂನು ತಂದ್ರೆ ಸಮಸ್ಯೆ ಮುಗೀತಲ್ಲ? - ಕಲಬುರಗಿ, ಶಿಕ್ಷಕ

ಮೇಷ್ಟ್ರೇ, ಸ್ಪೇನಲ್ಲಿ ಆ ಕಾನೂನು ಇದೆ, 1979ರದ್ದು. ಆದ್ರೆ ಅಲ್ಲೂ ಮನೆಯವರನ್ನ ಕೇಳೇ ಕೇಳ್ತಾರೆ, ಬೇಡ ಅಂದ್ರೆ ಬಿಡ್ತಾರೆ. ಕಾನೂನು ಬಂದು ಹತ್ತು ವರ್ಷ ಆದ್ಮೇಲೆ, 1989ರಲ್ಲಿ, ಅವರು ಇದಕ್ಕಂತಾನೇ ಒಂದು ರಾಷ್ಟ್ರೀಯ ಸಂಸ್ಥೆ ಕಟ್ಟಿದ್ರು. ಆಸ್ಪತ್ರೆ ಆಸ್ಪತ್ರೆಯಲ್ಲೂ ಐಸಿಯುನಲ್ಲೇ ಕೆಲಸ ಮಾಡೋ ಡಾಕ್ಟರನ್ನೇ ಕೋಆರ್ಡಿನೇಟರ್ ಮಾಡಿ, ಇಂಥ ಪೇಷಂಟು ತಪ್ಪಿಹೋಗದಂಗೆ ನೋಡ್ಕೊಂಡು, ಮನೆಯವರ ಜೊತೆ ಹೆಂಗೆ ಮಾತಾಡ್ಬೇಕು ಅಂತ ಟ್ರೈನಿಂಗ್ ಕೊಟ್ರು. ಆಮೇಲೆ ಮೇಲೆ ಬಂದಿದ್ದು. 2023ರಲ್ಲಿ ಅಲ್ಲಿ 10 ಲಕ್ಷ ಜನಕ್ಕೆ 48ರ ಮೇಲೆ ದಾನಿಗಳು, ನಮ್ಮ ದೇಶದಲ್ಲಿ ಒಬ್ಬರೂ ಪೂರ್ತಿ ಇಲ್ಲ. ಅದೇ ವರ್ಷ ಕರ್ನಾಟಕದಲ್ಲಿ 178 ಜನ ದಾನಿಗಳು, ದೇಶದಲ್ಲಿ ತೆಲಂಗಾಣ ಬಿಟ್ರೆ ನಾವು, ತಮಿಳುನಾಡು. ಆ 178ರ ಹಿಂದೆ 178 ಮನೆ ಹೂಂ ಅಂದಿದೆ. ಜಿಲ್ಲಾ ಆಸ್ಪತ್ರೇಲಿ ತಲೆಗೆ ಪೆಟ್ಟಾಗಿ ಬಂದವರಿಗೆ ನಾಲ್ಕು ಡಾಕ್ಟರು ಸೇರಿ ಟೆಸ್ಟ್ ಮಾಡೋ ವ್ಯವಸ್ಥೆಯೇ ಇಲ್ಲದೆ, ಯಾರೂ ಕೇಳೇ ಕೇಳದೆ, ಹೃದಯ ತಾನಾಗಿ ನಿಲ್ಲೋ ತನಕ ಕಾದು ಮಣ್ಣಾದವರ ಲೆಕ್ಕ ಯಾರಿಟ್ಟಿದ್ದಾರೆ?

ಪ್ರಶ್ನೆ: ನನಗೆ 26. ಆನ್‌ಲೈನಲ್ಲಿ ಅಂಗದಾನಕ್ಕೆ ಹೆಸರು ಕೊಟ್ಟು ಕಾರ್ಡು ಪರ್ಸಲ್ಲಿ ಇಟ್ಕೊಂಡಿದ್ದೆ. ಅಮ್ಮ ನೋಡಿ "ಅನಿಷ್ಟ" ಅಂತ ಹರಿದುಹಾಕಿದ್ರು. ಇನ್ನೊಂದು ಪ್ರಿಂಟ್ ತಗೊಂಡು ಅವರಿಗೆ ಕಾಣದಂಗೆ ಇಟ್ಕೊಂಡ್ರೆ ನಡೆಯುತ್ತಾ? - ಶಿವಮೊಗ್ಗ

ಕಾಣದಂಗೆ ಇಟ್ರೆ ಅದು ಬರೀ ಕಾಗದ ಕಣಪ್ಪ. ಕಾನೂನು ಪುಸ್ತಕದಲ್ಲಿ ಏನೇ ಬರೆದಿರ್ಲಿ, ಆ ಹೊತ್ತಲ್ಲಿ ನಾವು ಕೇಳೋದು ನಿಮ್ಮಮ್ಮನ್ನ, ಅವರು ಬೇಡ ಅಂದ್ರೆ ನಾವು ಪೆನ್ನು ಮುಚ್ಚಿ ಎದ್ದು ಬರ್ತೀವಿ. ಎಷ್ಟೋ ಮನೇಲಿ "ಅವನಿಗೆ ಇಷ್ಟ ಇತ್ತೋ ಏನೋ ನಮಗೆ ಗೊತ್ತಿಲ್ವಲ್ಲ" ಅನ್ನೋ ಒಂದೇ ಮಾತಿಗೆ ನಿಂತುಹೋಗಿದೆ. ಕಾಗದದ ಮೇಲೆ ಬರೆದುಕೊಡೋದಾದ್ರೆ ಫಾರ್ಮ್ 7 ಅಂತ ಇದೆ, ಅದಕ್ಕೆ ಇಬ್ಬರು ಸಾಕ್ಷಿ ಬೇಕು, ಒಬ್ಬರು ಹತ್ತಿರದ ಸಂಬಂಧಿನೇ ಆಗಿರಬೇಕು. ಆ ಸಹಿ ಅಮ್ಮನದ್ದೇ ಹಾಕಿಸು. ಇವತ್ತೇ ಅಂತಲ್ಲ, ಊಟಕ್ಕೆ ಕೂತಾಗ, ಟೀವೀಲಿ ಗ್ರೀನ್ ಕಾರಿಡಾರ್ ಸುದ್ದಿ ಬಂದಾಗ ಮೆಲ್ಲಗೆ ತೆಗಿ ವಿಷ್ಯ. ಬೈತಾರೆ, ಬೈಸ್ಕೋ. ಅಮ್ಮ ಬೈದ್ರೂ ಮಗ ಹಿಂಗಂದಿದ್ದ ಅನ್ನೋದು ಅವರಿಗೆ ನೆನಪಿರುತ್ತೆ. ಮತ್ತೆ ಬೈಕ್ ಓಡಿಸೋವಾಗ ಹೆಲ್ಮೆಟ್ ಬಕಲ್ ಹಾಕ್ಕೊಳ್ಳೋದು ಕಲಿ, ಸುಮ್ನೆ ತಲೆ ಮೇಲೆ ಇಟ್ಕೊಂಡು ಹೋಗಬೇಡ. ಅಮ್ಮನಿಗೂ ಏನಾದ್ರೂ ಕೇಳೋದಿದ್ರೆ ಬರೆಯೋಕೆ ಹೇಳು, ಬೈದು ಬರೆದ್ರೂ ಪರವಾಗಿಲ್ಲ, ಮುಂದಿನ ಸಂಚಿಕೇಲಿ ಅವರ ಪತ್ರಾನೇ ಮೊದಲು ಹಾಕ್ತೀನಿ.